ಏರಿನಲ್ಲಿ ಎಳೆಯದ ಗಾಡಿ

ಬೆಳಿಗ್ಗೆ ಹತ್ತೂಕಾಲು. ಹಾಸಿಗೆ ಹೊತ್ತಿದ್ದ ಹಳೆಯ ಪಿಕಪ್ ಗಾಡಿ ಮೇಲ್ಸೇತುವೆಯ ಏರಿನಲ್ಲಿ ಎರಡನೇ ಗೇರಿನಲ್ಲೂ ಎಳೆಯಲಿಲ್ಲ. ಅವನು ಮೊದಲನೇ ಗೇರಿಗೆ ಇಳಿಸಿದ. ಹಿಂದಿದ್ದ ಬಸ್ಸು ಹಾರ್ನ್ ಒತ್ತಿತು. ಒತ್ತಿದ ಕೈ ತೆಗೆಯಲೇ ಇಲ್ಲ. ಕನ್ನಡಿಯ ತುಂಬ ಬಸ್ಸಿನ ಮೂತಿ, ಗಾಜಿನ ಹಿಂದೆ ಬಾಯಿ ತೆರೆದು ಮುಚ್ಚುತ್ತಿದ್ದ ಡ್ರೈವರ್. ಏನು ಬೈಯುತ್ತಿದ್ದಾನೆಂದು ಕೇಳಿಸಬೇಕಾಗಿರಲಿಲ್ಲ. ಆ ಜಾಗದಲ್ಲಿ ತಾನಿದ್ದಿದ್ದರೆ ಯಾವ ಯಾವ ಮಾತು ಯಾವ ಕ್ರಮದಲ್ಲಿ ಬರುತ್ತಿತ್ತೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸ್ಕೂಟರಿನವನೊಬ್ಬ ಕಿಟಕಿಯ ಹತ್ತಿರಕ್ಕೇ ಬಂದು, "ಯಜಮಾನ್ರೇ, ಹೆಂಗೂ ಹಾಸಿಗೆ ಇದೆ, ಹಾಸ್ಕೊಂಡು ಮಲಗಿಬಿಡಿ" ಎಂದು ಹೇಳಿ ಮುಂದೆ ಹೋದ. ಪಕ್ಕದಲ್ಲಿ ಕೂತಿದ್ದ ಮಗಳು ನಗಲಿಲ್ಲ. ಅವಳು ನಕ್ಕಿದ್ದರೆ ಒಂದು ಏಟಿನಂಥ ಮಾತು ಹೇಳಿ ಮುಗಿಸಬಹುದಿತ್ತು. ಅವಳು ಕಿಟಕಿಯಾಚೆ, ಸೇತುವೆಯ ಕಂಬಿಯ ಕಡೆ ನೋಡುತ್ತ ಕೂತಳು. ಆ ನೋಡದಿರುವಿಕೆಯಲ್ಲಿ ಕರುಣೆಯಂಥದ್ದೇನೋ ಇದ್ದು ಅವನ ಮೈಯೆಲ್ಲ ಉರಿಯಿತು.

ಕಲ್ಲಲ್ಲ, ಕಬ್ಬಿಣವಲ್ಲ, ಸ್ಪಂಜಿನ ಹಾಸಿಗೆ. ಇದೇ ಗಾಡಿ ಒಂದು ಕಾಲಕ್ಕೆ ಸಿಮೆಂಟಿನ ಚೀಲಗಳನ್ನು ಕ್ಯಾಬಿನ್ನಿನ ಮಟ್ಟಕ್ಕೆ ಹೇರಿಕೊಂಡು ಇದೇ ಏರನ್ನು ಗುರ್ ಎನ್ನದೆ ಹತ್ತಿತ್ತು. ಈಗ ಗಾಳಿಯಂಥ ಸರಕು ಹೊತ್ತು ಏದುಸಿರು ಬಿಡುತ್ತಿದೆ. ಗಾಡಿ ನಿಲ್ಲಿಸುವ ಅಡ್ಡೆಯಲ್ಲಿ ಅವನಿಗೆ ಹೊಸ ಹೆಸರು ಬಿದ್ದಿತ್ತು: ಮೆರವಣಿಗೆ. ಮೊದಲು ಬೆನ್ನ ಹಿಂದೆ, ಈಗ ಎದುರಿಗೇ. "ಮೆರವಣಿಗೆ ಬಂತು, ದಾರಿ ಬಿಡ್ರೋ." ಗೋದಾಮಿನ ಮೇನೇಜರ್ ಮಾತ್ರ ತಮಾಷೆ ಮಾಡುವವನಲ್ಲ. ಈ ಹೊತ್ತು ಸರಕು ಹೇರುವಾಗ ಅವನು ಗಡಿಯಾರ ನೋಡಿ, ಆಮೇಲೆ ಗಾಡಿ ನೋಡಿ, "ಆಸ್ಪತ್ರೆಯವರು ಮಧ್ಯಾಹ್ನದೊಳಗೆ ಬೇಕು ಅಂದಿದಾರೆ. ಇವತ್ತೂ ತಡ ಆದ್ರೆ ನಾಳೆಯಿಂದ ಬೇರೆ ಗಾಡಿ ನೋಡ್ಕೊತೀನಿ. ಬೇಜಾರು ಮಾಡ್ಕೋಬೇಡಿ" ಎಂದಿದ್ದ. ಬೇಜಾರು ಮಾಡಿಕೊಳ್ಳಬೇಡಿ ಎನ್ನುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗುವುದಿಲ್ಲ. ಬೇಜಾರು ಕೊಟ್ಟು ಅದರ ಮೇಲೊಂದು ಮುಚ್ಚಳವನ್ನೂ ತಾವೇ ಇಟ್ಟು ಹೋಗುತ್ತಾರೆ. ಆಸ್ಪತ್ರೆ ಗುಡ್ಡದ ಮೇಲಿತ್ತು. ಅಲ್ಲಿನ ಏರಿನ ಮುಂದೆ ಈ ಮೇಲ್ಸೇತುವೆ ಏನೂ ಅಲ್ಲ. ಸೇತುವೆ ಇಳಿದ ಕೂಡಲೇ ಅವನು ಗಾಡಿಯನ್ನು ಎಡಕ್ಕೆ, ತಮ್ಮನ ಗ್ಯಾರೇಜಿಗೆ ತಿರುಗಿಸಿದ.

"ಮತ್ತೆ ಚಿಕ್ಕಪ್ಪನ ಹತ್ರಾನಾ?" ಎಂದಳು ಮಗಳು.

"ಕೆಡಿಸಿದವನೇ ಸರಿ ಮಾಡ್ಲಿ."

ಕೆಡಿಸಿದವನು ತಮ್ಮನೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಡೀಸೆಲ್ ಪಂಪು ಬಿಚ್ಚಿ ಜೋಡಿಸಿದ್ದು ತಮ್ಮ, ಎಳೆತ ಹೋದದ್ದು ಅದಾದ ಮೇಲೆ. ಮೊದಲೇ ಸ್ವಲ್ಪ ಹೋಗಿತ್ತು, ಅದಕ್ಕೇ ಅಲ್ಲವೇ ಬಿಚ್ಚಿಸಿದ್ದು ಎಂದು ಹೆಂಡತಿ ಒಮ್ಮೆ ಕೇಳಿದ್ದಳು; ಗಾಡಿಯ ವಿಷಯ ನಿನಗೇನು ಗೊತ್ತು ಎಂದು ಅವಳ ಬಾಯಿ ಮುಚ್ಚಿಸಿದ್ದ. ಆಗ ಅವಳು ಅವನ ಬಲಗಾಲನ್ನು ಮೊರದ ಹಾಗೆ ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಗೆ ಮುಲಾಮು ಸವರುತ್ತಿದ್ದಳು. ಬಚ್ಚಲಿನಲ್ಲಿ ಕಾಸಿದ ನೀರು ಕಾಲ ಮೇಲೆ ಬಿದ್ದು ಬೊಬ್ಬೆ ಎದ್ದಿತ್ತು. ಬೊಬ್ಬೆ ಎದ್ದದ್ದನ್ನು ನೋಡಿದ್ದು ಅವಳೇ. "ಇಷ್ಟು ದಪ್ಪ ಎದ್ದಿದೆ, ಉರೀಲೇ ಇಲ್ವಾ ನಿಮಗೆ?" ಉರಿಯಿತು ಎಂದು ಅವನು ಸುಳ್ಳು ಹೇಳಿದ್ದ. ಯಾಕೆ ಹೇಳಿದ್ದನೋ. ಅವನ ಸಕ್ಕರೆ ಕಾಯಿಲೆಯ ಮಾತ್ರೆಯ ಡಬ್ಬಿ ಅವಳ ಬೆನ್ನ ಹಿಂದಿನ ಗೋಡೆಯ ಗೂಡಿನಲ್ಲಿತ್ತು. ಅವಳು ಅದರ ಕಡೆ ತಿರುಗುವ ಮೊದಲೇ ಕಾಲು ಎಳೆದುಕೊಂಡು ಎದ್ದಿದ್ದ.

ಗ್ಯಾರೇಜೆಂದರೆ ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೊಳೆಗಳಿಗೆ ಅಳತೆಯ ಪ್ರಕಾರ ತೂಗುಹಾಕಿದ ಸ್ಪ್ಯಾನರುಗಳು. ಆ ಅಚ್ಚುಕಟ್ಟು ಕಂಡರೂ ಅವನಿಗೆ ಸಿಟ್ಟು. ತಮ್ಮ ಚಿಕ್ಕಂದಿನಲ್ಲೂ ಹೀಗೆಯೇ. ಊಟದ ತಟ್ಟೆಯನ್ನು ತೊಳೆದು, ಒರೆಸಿ, ಬೇರೆಯವರ ತಟ್ಟೆಗೆ ತಾಗದಂತೆ ಇಡುತ್ತಿದ್ದ. ತಮ್ಮ ಯಾವುದೋ ಕಾರಿನ ಕೆಳಗಿನಿಂದ ಜಾರಿಕೊಂಡು ಹೊರಗೆ ಬಂದು ಅಂಗಾತನೆ ಮಲಗಿದ್ದಲ್ಲಿಂದಲೇ ನೋಡಿದ.

"ಬಂದ್ಯಾ?" ಎಂದ. ಸ್ವಾಗತವಲ್ಲ, ಹಲ್ಲುನೋವು ಮರಳಿ ಬಂದವನ ಧ್ವನಿ.

"ಬರದೆ ಏನು ಮಾಡ್ಲಿ? ನೀನು ಮಾಡಿದ ಕೆಲಸ ಹಂಗಿದೆ."

"ಡೀಸೆಲ್ ಫಿಲ್ಟರ್ ಹೊಸದು. ಏರ್ ಫಿಲ್ಟರ್ ಹೊಸದು. ಕ್ಲಚ್ ಪ್ಲೇಟ್ ಚೆನ್ನಾಗಿದ್ದದ್ದನ್ನೇ ನಿನ್ನ ಬಾಯಿಗೆ ಹೆದರಿ ಬಿಚ್ಚಿ ನೋಡ್ದೆ. ಸೈಲೆನ್ಸರ್ ಕಟ್ಟಿಲ್ಲ. ಚಕ್ರ ಹಿಡ್ಕೊಂಡಿಲ್ಲ, ನೀನೇ ಕೈಯಿಟ್ಟು ನೋಡಿದ್ಯಲ್ಲ, ತಣ್ಣಗಿತ್ತು. ಇನ್ನು ಉಳಿದಿರೋದು ಬಣ್ಣ ಒಂದೇ. ಹೊಡೀಲಾ?"

"ನಾಲಿಗೆ ಓಡಿದಷ್ಟು ಗಾಡಿ ಓಡಿದ್ರೆ ನಾನ್ಯಾಕೆ ಬರ್ತಿದ್ದೆ?"

ಅವನು ಎಂಜಿನ್ ಆಫ್ ಮಾಡದೆಯೇ ಕ್ಯಾಬಿನ್ನಿನಿಂದ ಇಳಿದು ಬಾನೆಟ್ಟಿನ ಮುಂದೆ ಬಂದು ನಿಂತ. ಮಗಳು ಹಿಂದಿನಿಂದ, "ಅಪ್ಪಾ, ಚಪ್ಪಲಿ" ಎಂದಳು. ಬಲಗಾಲಿನ ಚಪ್ಪಲಿ ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ ಮಗುಚಿ ಬಿದ್ದಿತ್ತು. ಬರಿಗಾಲಿನಲ್ಲಿ ಅಷ್ಟು ದೂರ, ಬೋಲ್ಟು ಚೂರು ಬಿದ್ದ ನೆಲದ ಮೇಲೆ ನಡೆದು ಬಂದಿದ್ದ. "ಬಾರು ಸಡಿಲ ಆಗಿದೆ" ಎಂದ, ಯಾರೂ ಕೇಳಿರಲಿಲ್ಲ. ತಮ್ಮ ಚಪ್ಪಲಿಯನ್ನೊಮ್ಮೆ ನೋಡಿದ, ಕಾಲನ್ನೊಮ್ಮೆ ನೋಡಿದ. ನೋಡುವ ರೀತಿಯಲ್ಲೇ ಏನೋ ಅಳೆಯುತ್ತಿದ್ದ ಹಾಗಿತ್ತು. ಇವನ ಎದುರಿಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಬಾರದೆಂದು ಅವನು ಅದನ್ನು ಅಲ್ಲೇ ಬಿಟ್ಟ.

ತಮ್ಮ ಬಾನೆಟ್ ಎತ್ತಿ ಅದು ಬೀಳದಂತೆ ಕಡ್ಡಿ ಕೊಟ್ಟ. ಇದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ತಮ್ಮ ಎಂಜಿನ್ನಿನ ಮೇಲೆ ಬಗ್ಗುತ್ತಾನೆ, ಇವನು ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಾನೆ, ಕಣ್ಣು ತಮ್ಮನ ಕೈಮೇಲಿಂದ ಕದಲುವುದಿಲ್ಲ. ಕದಲಿದರೆ ಒಳ್ಳೆಯ ಸಾಮಾನು ಹೋಗಿ ಹಳೆಯದು ಕೂರುತ್ತದೆ. ಒಮ್ಮೆ ಹಾಗಾಗಿದೆಯೆಂದು ಅವನು ನಂಬಿದ್ದ. ಎಲ್ಲರೆದುರಿಗೆ ಹೇಳಿಯೂ ಇದ್ದ. ತಮ್ಮ ಅವತ್ತು ಕೈ ಒರೆಸಿಕೊಂಡು ಒಳಗೆ ಹೋಗಿದ್ದ. ಕಳ್ಳನಲ್ಲದವನು ಕೂಗಾಡಬೇಕಿತ್ತು. ಕೂಗಾಡದೆ ಹೋದದ್ದರಿಂದ ಅದು ನಿಜವೆಂದು ಇಷ್ಟು ಕಾಲ ಅಂದುಕೊಂಡಿದ್ದ. ಈಗ ತಮ್ಮ ಪಂಪಿನ ಪಕ್ಕದ ಸಣ್ಣ ಕೈಯನ್ನು, ಆಕ್ಸಿಲರೇಟರಿನ ತಂತಿ ಬಂದು ಸೇರುವ ಆ ಲೀವರನ್ನು, ಬೆರಳಿನಿಂದ ನೂಕಿದ. ಎಂಜಿನ್ ತಗಡು ನಡುಗುವ ಹಾಗೆ ಅಬ್ಬರಿಸಿತು. ಬಿಟ್ಟ, ಇಳಿಯಿತು. ಮತ್ತೆ ನೂಕಿದ, ಮತ್ತೆ ಅಬ್ಬರಿಸಿತು. ಪ್ರತಿ ಸಲವೂ ಇಷ್ಟೇ. ಇಲ್ಲಿ ಹುಲಿ, ರಸ್ತೆಗೆ ಇಳಿದರೆ ಇಲಿ. ರಸ್ತೆಯಲ್ಲಿ ನೋಡೋಣವೆಂದು ಹೋದಾಗಲೆಲ್ಲ ಸ್ಟೇರಿಂಗು ಅವನ ಕೈಯಲ್ಲೇ. ಈ ಗಾಡಿ ಬಂದಂದಿನಿಂದ ಅದರ ಕೀಲಿಯನ್ನು ಅವನು ಯಾರಿಗೂ ಕೊಟ್ಟವನಲ್ಲ. ತಮ್ಮ ಪಕ್ಕದಲ್ಲಿ ಕೂತು ಎಂಜಿನ್ನಿಗೆ ಕಿವಿಗೊಟ್ಟು, ಹುಬ್ಬು ಗಂಟಿಕ್ಕಿ, ಏನೂ ತಿಳಿಯದೆ ಇಳಿದು ಹೋಗುತ್ತಿದ್ದ. ಆ ಗಂಟಿಕ್ಕಿದ ಹುಬ್ಬನ್ನು ನೋಡುವುದರಲ್ಲಿ ಅವನಿಗೆ ಒಂದು ಬಗೆಯ ಸಂತೋಷವೂ ಇತ್ತು, ಸುಳ್ಳೇಕೆ.

ಕೊಟ್ಟವನಲ್ಲ ಎಂದರೆ, ಒಂದೇ ಒಂದು ಸಲ ಬಿಟ್ಟು. ಅವನು ಜ್ವರ ಬಂದು ಮಲಗಿದ್ದಾಗ ಮಗಳು ದಿಂಬಿನಡಿಯಿಂದ ಕೀಲಿ ತೆಗೆದುಕೊಂಡು ಹೋಗಿ ಗೋದಾಮಿನ ಕೆಲಸ ಮುಗಿಸಿ ಬಂದಿದ್ದಳು. ಬಂದು, ಬಾಗಿಲ ಚೌಕಟ್ಟಿಗೆ ಒರಗಿ, "ಅಪ್ಪ, ನಂಗೆ ಚೆನ್ನಾಗೇ ಎಳೀತಪ್ಪ" ಎಂದಿದ್ದಳು. ಲೈಸೆನ್ಸು ಬಂದು ಇನ್ನೂ ಅದರ ಪ್ಲಾಸ್ಟಿಕ್ಕಿನ ಹೊಳಪು ಹೋಗದವಳು. ಅವನು ಗೋಡೆಯ ಕಡೆ ಹೊರಳಿದ್ದ. ಜ್ವರ ಬಿಟ್ಟ ಮೇಲೂ ಕೆಲವು ದಿನ ಅವಳೊಡನೆ ಮಾತಾಡಿರಲಿಲ್ಲ. ಅವಳೂ ಆ ಮಾತನ್ನು ಮತ್ತೆ ಎತ್ತಿರಲಿಲ್ಲ, ಇವತ್ತಿನವರೆಗೆ.

"ಚಿಕ್ಕಪ್ಪ, ಒಂದು ಸಲ ನೋಡಿಬಿಡಿ" ಎಂದಳು ಈಗ. "ಅಪ್ಪ ಒಳಗೆ ಕೂತ್ಕೊಂಡು ಪೆಡಲ್ ಒತ್ತಲಿ. ನೀವು ಇಲ್ಲಿ ಲೀವರ್ ನೋಡಿ."

ತಮ್ಮ ತಲೆ ಎತ್ತಿದ. ಅವಳ ಕಡೆ ನೋಡಿದ, ಆಮೇಲೆ ನೆಲದ ಮೇಲಿನ ಚಪ್ಪಲಿಯ ಕಡೆ. ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದ ಕೆಲಸ ಅದು. ಯಾವ ಗಾಡಿ ಬಂದರೂ, ಒಬ್ಬ ಒತ್ತಬೇಕು, ಒಬ್ಬ ನೋಡಬೇಕು. ಈ ಒಂದು ಗಾಡಿಗೆ ಮಾತ್ರ ಮಾಡಿರಲಿಲ್ಲ, ಯಾಕೆಂದರೆ ಒತ್ತಬೇಕಾದವನು ಯಾವಾಗಲೂ ಪಕ್ಕದಲ್ಲೇ ಪೊಲೀಸಿನವನ ಹಾಗೆ ನಿಂತಿರುತ್ತಿದ್ದ.

"ಕೂತ್ಕೋ ಅಣ್ಣ" ಎಂದ ತಮ್ಮ.

"ನಾನು ಒಳಗೆ ಕೂತ್ರೆ ನಿನಗೆ ಅನುಕೂಲ."

"ಮಗಳು ಇದಾಳಲ್ಲ, ಕಾವಲಿಗೆ. ಕೂತ್ಕೋ."

ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಅವನಿಗೆ ಹೊಳೆಯಿತು. ಫೋನಿನಲ್ಲಿ, ಇಲ್ಲವೇ ಅವನು ಟೀ ಕುಡಿಯಲು ಹೋದಾಗ. ಮಗಳ ಮುಖದಲ್ಲಿ ಅವಳ ಚಿಕ್ಕಪ್ಪನ ಮುಖ ಎಷ್ಟಿದೆಯೆಂದು ಈಗಲೇ ಕಂಡಂತಾಯಿತು: ಅದೇ ಅಳೆಯುವ ಕಣ್ಣು, ಅದೇ ಸುಮ್ಮನಿರುವ ಬಾಯಿ. ಅವನು ಹತ್ತಿ ಕೂತ. ಎತ್ತಿದ್ದ ಬಾನೆಟ್ಟು ಗೋಡೆಯ ಹಾಗೆ ಮುಂದೆ ನಿಂತು ಏನೂ ಕಾಣಲಿಲ್ಲ. ಕೆಳಗಿನ ಸಂದಿನಲ್ಲಿ ತಮ್ಮನ ಮೊಣಕೈ ಮಾತ್ರ ಆಗೀಗ ಸರಿಯುತ್ತಿತ್ತು. ಈ ಹೊತ್ತಿಗೆ ಏನನ್ನು ಬಿಚ್ಚುತ್ತಿರಬಹುದು? ಮಗಳು ನೋಡಿಯೂ ನೋಡದವಳಂತೆ ಇರಬಹುದು.

"ಒತ್ತು."

ಒತ್ತಿದ. ಎಂಜಿನ್ ಮೇಲೆದ್ದು ಒಂದು ಕಡೆ ನಿಂತಿತು.

"ಪೂರ್ತಿ ಒತ್ತಣ್ಣ."

"ಒತ್ತಿದೀನಿ."

"ಪೂರ್ತಿ."

"ನೆಲ ತೂತು ಬೀಳೋ ಹಂಗೆ ಒತ್ತಿದೀನಿ ಕಣೋ! ಕಣ್ಣು ನೆಟ್ಟಗಿಟ್ಕೊಂಡು ನೋಡು."

"ಲೀವರ್ ಅರ್ಧಕ್ಕೇ ನಿಂತಿದೆ."

ಅವನು ಗೆದ್ದವನ ಹಾಗೆ ನಕ್ಕ. "ಹಂಗಾದ್ರೆ ಕೇಬಲ್ಲು! ಜೋಡಿಸ್ದೋನು ಯಾರು? ನೀನೇ. ಇಷ್ಟು ದಿನ ನನ್ನ ಓಡಾಡಿಸಿ ಸಾಯಿಸಿದ್ದು ಒಂದು ತಂತಿಗಾ? ಮೆಕ್ಯಾನಿಕ್ ಅಂತೆ. ಬೋರ್ಡು ಬೇರೆ." ಮಾತು ಬರತೊಡಗಿದ ಮೇಲೆ ನಿಲ್ಲಲಿಲ್ಲ. ಒಳ್ಳೆಯ ಸಾಮಾನು ಹೋದದ್ದು ಬಂತು, ತಟ್ಟೆ ತೊಳೆದಿಡುತ್ತಿದ್ದದ್ದೂ ಬಂತು, ಮಗಳೆದುರಿಗೆ ಹೇಳಬಾರದ ಒಂದೆರಡು ಮಾತೂ ಬಂದವು. ಹೇಳುತ್ತಿರುವಾಗಲೇ ತಮ್ಮ ಬಾನೆಟ್ಟಿನ ಪಕ್ಕದಿಂದ ನಡೆದು ಬಂದು ಕ್ಯಾಬಿನ್ನಿನ ಬಾಗಿಲು ತೆಗೆದ. ಅವನ ಕಾಲಿನ ಕಡೆ ನೋಡುತ್ತ ನಿಂತ. ಅಷ್ಟು ಹೊತ್ತು ನಿಂತದ್ದರಿಂದ ಅವನೂ ನೋಡಬೇಕಾಯಿತು.

ಬಲಗಾಲು ಎಲ್ಲಿರಬೇಕೆಂದು ಅವನು ಅಂದುಕೊಂಡಿದ್ದನೋ ಅಲ್ಲಿರಲಿಲ್ಲ. ಪಾದದ ಹೊರಬದಿ ಕ್ಯಾಬಿನ್ನಿನ ಉಬ್ಬಿದ ತಗಡಿಗೆ ಆತುಕೊಂಡು ನಿಂತಿತ್ತು. ಎರಡು ಬೆರಳು ಮಾತ್ರ ಪೆಡಲಿನ ಅಂಚಿನ ಮೇಲಿದ್ದವು. ಪೆಡಲು ನೆಲದಿಂದ ಮೂರು ಬೆರಳಷ್ಟು ಮೇಲೆಯೇ ತೂಗುತ್ತಿತ್ತು. ಇಷ್ಟು ಹೊತ್ತು ಅವನು ನೆಲವೆಂದು ಒತ್ತುತ್ತಿದ್ದದ್ದು ಆ ತಗಡಿನ ಉಬ್ಬನ್ನು. ಮೊಣಕಾಲಿಗೆ ತಿಳಿಯುತ್ತಿದ್ದ ಗಟ್ಟಿಯೂ ಅದರದೇ. ಇದು ಯಾರ ಕಾಲು ಎನ್ನುವ ಹಾಗೆ ನೋಡಿದ. ಹಿಮ್ಮಡಿಯಲ್ಲಿ ಒಣಗಿದ ಬೊಬ್ಬೆಯ ಕಲೆಯಿತ್ತು, ಅಂಗಾಲಿನ ಅಂಚಿನಲ್ಲಿ ಲೋಹದ ಸಣ್ಣ ಚೂರೊಂದು ಚುಚ್ಚಿಕೊಂಡು ಅದರ ಸುತ್ತ ರಕ್ತ ಗೆರೆಯಾಗಿತ್ತು. ಕಾಲಿಗೆ ಅದು ಗೊತ್ತೇ ಇರಲಿಲ್ಲ. ಸರಿಮಾಡಿ ಇಡಬೇಕೆಂದುಕೊಂಡ. ಕಣ್ಣಿನಿಂದ ನೋಡಿಕೊಂಡೇ ಪಾದವನ್ನು ಎತ್ತಿ, ಬೇರೆ ಯಾರದೋ ಸಾಮಾನನ್ನು ಬೇರೆ ಯಾರದೋ ಮನೆಯಲ್ಲಿ ಇಡುವವನ ಹಾಗೆ ಪೆಡಲಿನ ಮೇಲಿಟ್ಟ. ಒತ್ತಿದೆನೆಂದುಕೊಂಡ. ಎಂಜಿನ್ ಸ್ವಲ್ಪ ಎದ್ದು ಅಲ್ಲೇ ನಿಂತಿತು.

ತಮ್ಮ ಮೊಣಕಾಲೂರಿದ. ಎಣ್ಣೆಯ ಕೈಯನ್ನು ಅವನ ಪಾದದ ಮೇಲಿಟ್ಟು ಕೆಳಕ್ಕೆ ಅದುಮಿದ. ಎಂಜಿನ್ ತಗಡು ನಡುಗುವ ಹಾಗೆ ಅಬ್ಬರಿಸಿತು. ಅವನು ಮೇಲಿನಿಂದ ನೋಡುತ್ತಿದ್ದ: ತಮ್ಮನ ನಡುನೆತ್ತಿಯ ಬೋಳು, ಕುತ್ತಿಗೆಯ ಬೆವರು, ತನ್ನ ಪಾದವನ್ನು ಪೂರ್ತಿ ಮುಚ್ಚಿದ ಆ ದೊಡ್ಡ ಕೈ, ಬೆಳ್ಳಗಾದ ಬೆರಳ ಗೆಣ್ಣುಗಳು. ಅಷ್ಟು ಬಲವಾಗಿ ಹಿಡಿದಿದ್ದ. ಕೈ ಕಾಣುತ್ತಿತ್ತು. ತಾಗುತ್ತಿರಲಿಲ್ಲ. ಬಿಸಿಯಿತ್ತೋ ತಣ್ಣಗಿತ್ತೋ ಒರಟಾಗಿತ್ತೋ ತಿಳಿಯಲಿಲ್ಲ. ತಮ್ಮ ಕೈ ತೆಗೆದ. ತೆಗೆದದ್ದೂ ಕಣ್ಣಿಗೆ ಕಂಡದ್ದರಿಂದ ಗೊತ್ತಾಯಿತು.

ಎಂಜಿನ್ ಇಳಿಯಿತು. ತಮ್ಮ ಗೆಲ್ಲುತ್ತಾನೆ ಎಂದು ಅವನು ಕಾದ. ಇಷ್ಟು ವರ್ಷದ್ದನ್ನೆಲ್ಲ ಬಡ್ಡಿ ಸಮೇತ ಈಗ ಎಸೆಯುತ್ತಾನೆ. ಎಸೆಯಲಿ, ಎಸೆದರೆ ಹಿಡಿದು ತಿರುಗಿ ಎಸೆಯಬಹುದು. ತಮ್ಮ ಎದ್ದು, ಬನಿಯನ್ನಿನ ಚಿಂದಿಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಯಾವಾಗಿಂದ?"

"ಏನು ಯಾವಾಗಿಂದ? ಕೇಬಲ್ ಹೊಸದು ಹಾಕು."

"ಕೇಬಲ್ ಸರಿ ಇದೆ."

"ಹಾಕು ಅಂದೆ."

"ಆಗಲ್ಲ" ಎಂದ ತಮ್ಮ. "ಬ್ರೇಕೂ ಇದೇ ಕಾಲಲ್ಲೇ ಅಲ್ವಾ ಒತ್ತೋದು ನೀನು?"

ಕೆಲವು ದಿನಗಳ ಹಿಂದೆ ಶಾಲೆಯ ಮುಂದಿನ ಬಿಳಿ ಪಟ್ಟೆಗಳ ಮೇಲೆ ಒಬ್ಬ ಹೆಂಗಸು ದಾಟುತ್ತಿದ್ದಳು. ಕೈಯಲ್ಲಿ ಚೀಲ. ಅವನು ಬ್ರೇಕ್ ಒತ್ತಿದ್ದ; ಒತ್ತಿದ್ದೆನೆಂದು ಆಣೆಯಿಟ್ಟು ಹೇಳಬಲ್ಲ. ಗಾಡಿ ನಿಲ್ಲದೆ ಮೆಲ್ಲನೆ ಮುಂದೆ ಹೋಗಿ ಬಂಪರು ಚೀಲವನ್ನು ಮುಟ್ಟಿತು. ಈರುಳ್ಳಿ ಉರುಳಿದವು. ನಿಂತದ್ದು ಮಗಳು ಪಕ್ಕದಿಂದ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದದ್ದಕ್ಕೆ. ಆ ಹೆಂಗಸು ಕೂಗಲಿಲ್ಲ. ಚೀಲದ ಹರಿದ ಬಾಯಿಯನ್ನು ಎದೆಗವಚಿಕೊಂಡು ಗಾಜಿನೊಳಗೆ ಅವನನ್ನು ನೋಡಿದಳು. ಅವನು ಕಿಟಕಿಯಿಂದ ತಲೆ ಹೊರಹಾಕಿ, "ಕಣ್ಣು ಕಾಣಲ್ವಾ?" ಎಂದು ಕಿರುಚಿದ್ದ. ಅದೇ ಸಂಜೆ ಇಲ್ಲಿಗೆ ಬಂದು ಬ್ರೇಕನ್ನೂ ನೀನೇ ಕೆಡಿಸಿದ್ದೀಯೆಂದು ಜಗಳವಾಡಿದ್ದ. ತಮ್ಮ ಡ್ರಮ್ಮು ಬಿಚ್ಚಿ ನೋಡಿ ಎಲ್ಲ ಸರಿಯಿದೆಯೆಂದಿದ್ದ. ಆ ಹೆಂಗಸಿನ ಮುಖ ಮರೆತಿತ್ತು. ಮರೆತಿತ್ತೆಂದುಕೊಂಡಿದ್ದ. ಚೀಲದ ಬದಲು ಮಗುವಿದ್ದಿದ್ದರೆ ಎಂಬುದು ಒಂದು ವಾಕ್ಯವಾಗಿ ಏಳುವ ಮೊದಲೇ ಅವನು ಬಾಯಿ ತೆರೆದ.

"ಇಬ್ಬರೂ ಸೇರಿ ನಾಟಕ ಚೆನ್ನಾಗಿ ಕಟ್ಟಿದೀರಿ" ಎಂದು ಮಗಳ ಕಡೆ ತಿರುಗಿದ. "ಗಾಡಿ ಬೇಕಾಗಿತ್ತು ಅಂದ್ರೆ ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ನೀನು. ಅಪ್ಪನ ಕಾಲು ಮುರೀಬೇಕಿತ್ತಾ?"

"ಜ್ವರ ಬಂದಾಗಲೇ ಹೇಳಿದ್ದೆನಲ್ಲ" ಎಂದಳು ಅವಳು. "ನೀನು ಗೋಡೆ ಕಡೆ ತಿರುಗಿ ಮಲಗಿದೆ. ಅವತ್ತಿಂದ ದಿನಾ ನಿನ್ನ ಪಕ್ಕ ಕೂತ್ಕೊಂಡು ಹ್ಯಾಂಡ್‌ಬ್ರೇಕ್ ಮೇಲೇ ಕೈ ಇಟ್ಕೊಂಡಿರ್ತೀನಿ. ನೋಡಿಲ್ವಾ?"

ಅವನು ನೋಡಿದ್ದ. ಹುಡುಗಿ ಕೂರುವ ರೀತಿ ಸರಿಯಿಲ್ಲವೆಂದು ಬೈದಿದ್ದ ಕೂಡ.

ಹೊರಗಿನ ರಸ್ತೆಯಲ್ಲಿ ಅಡ್ಡೆಯ ಗಾಡಿಯೊಂದು ಹೋಗುತ್ತ, "ಏನು ಮೆರವಣಿಗೆ, ಮತ್ತೆ ಆಸ್ಪತ್ರೆಗೆ ಸೇರಿಸಿದ್ಯಾ?" ಎಂದು ಕೂಗಿತು. ಎಂಜಿನ್ ಸುಮ್ಮನೆ ಓಡುತ್ತಿತ್ತು, ಏನೂ ಕಾಯಿಲೆಯಿಲ್ಲದ ಎಂಜಿನ್. ಈಗ ಕ್ಲಚ್ ಒತ್ತಿ, ಗೇರು ಹಾಕಿ, ಈ ಇಬ್ಬರನ್ನೂ ಇಲ್ಲೇ ಬಿಟ್ಟು ಹೊರಟುಬಿಡಬಹುದು. ಎಡಗಾಲು ಕ್ಲಚ್ಚಿನ ಮೇಲೇ ಇತ್ತು, ಅದಕ್ಕೆ ಎಲ್ಲ ತಿಳಿಯುತ್ತಿತ್ತು. ಬಾನೆಟ್ಟು ಎತ್ತಿದ್ದರೇನು, ಒಂದು ಕೂಗು ಕೂಗಿದರೆ ತಮ್ಮ ಇಳಿಸುತ್ತಾನೆ, ಹೆದರಿಯಾದರೂ. ಕೂಗಲು ಉಸಿರು ಎಳೆದುಕೊಂಡ. ತಮ್ಮ ಹೆದರಿರಲಿಲ್ಲ. ಕ್ಯಾಬಿನ್ನಿನ ಬಾಗಿಲು ಹಿಡಿದು ಅಲ್ಲೇ ನಿಂತಿದ್ದ, ಗಾಡಿ ಹೊರಟರೆ ಅದರ ಜೊತೆಗೇ ಎಳೆಸಿಕೊಂಡು ಹೋಗುವವನ ಹಾಗೆ.

ಅವನು ಎಂಜಿನ್ ಆಫ್ ಮಾಡಿದ. ಕೀಲಿ ಕಿತ್ತು ಮಗಳ ಕಡೆ ಎಸೆದ. ಕೈಗೆ ಸಿಗುವ ಹಾಗೆ ಎಸೆಯಲಿಲ್ಲ. ಅದು ಕಾರಿನ ಪಕ್ಕದಲ್ಲಿಟ್ಟಿದ್ದ, ಹಳೆ ಆಯಿಲ್ ಇಳಿಸಿದ ತಟ್ಟೆಯೊಳಗೆ ಬಿದ್ದು ಮುಳುಗಿತು. ಒಂದು ಕ್ಷಣ ಮೂವರೂ ಆ ಕಪ್ಪು ತಟ್ಟೆಯನ್ನು ನೋಡಿದರು. ಮಗಳು ಬಗ್ಗಿ, ಮಣಿಕಟ್ಟಿನವರೆಗೆ ಕೈ ಬಿಟ್ಟು, ತಡಕಿ ತೆಗೆದಳು. ಚಿಕ್ಕಪ್ಪ ಚಿಂದಿ ಚಾಚಿದ. ಅವಳು ಮೊದಲು ಕೀಲಿ ಒರೆಸಿದಳು, ಆಮೇಲೆ ಕೈ.

"ಕಾಲು ತೋರಿಸು, ಚೂರು ತೆಗೀತೀನಿ" ಎಂದ ತಮ್ಮ. "ಸರಕು ಇಳಿಸಿದ ಮೇಲೆ ಅಲ್ಲೇ ಆಸ್ಪತ್ರೇಲಿ ಡಾಕ್ಟರಿಗೂ ತೋರಿಸ್ಕೊಂಡು ಬಾ."

"ನಿನ್ನ ಕೈ ನನ್ನ ಮೈಮೇಲೆ ಇನ್ನೊಂದು ಸಲ ಬಿದ್ರೆ ನೋಡು."

ಅವನು ಇಳಿದ. ಮಗಳು ಸ್ಟೇರಿಂಗಿನ ಮುಂದೆ ಹತ್ತಿ ಕೂತು, ಪಕ್ಕದ ಸೀಟಿನ ಬಾಗಿಲನ್ನು ಒಳಗಿನಿಂದ ತೆಗೆದಳು. ಅವನು ಆ ಕಡೆ ಹೋಗಲಿಲ್ಲ. ಗಾಡಿಯ ಹಿಂದಕ್ಕೆ ನಡೆದು, ಬಾಗಿಲ ಹಲಗೆಯನ್ನು ಹಿಡಿದು, ಎಡಗಾಲಿನ ಬಲದ ಮೇಲೆ ಮೈಯನ್ನು ಎಳೆದುಕೊಂಡು ಹಾಸಿಗೆಗಳ ಮೇಲೆ ಹತ್ತಿದ. ಪ್ಲಾಸ್ಟಿಕ್ ಹೊದಿಕೆ ಅವನಡಿ ಕರಕರ ಸದ್ದು ಮಾಡಿತು, ಕೂತಲ್ಲಿ ಹೂತುಹೋದ. ತಮ್ಮ ಬಾನೆಟ್ ಇಳಿಸಿ, ಹಿಂದೆ ಬಂದು, ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟ. "ಹಿಡ್ಕೋ" ಎಂದ. ಇವನು ಹಿಡಿದುಕೊಂಡ, ಮುಖ ನೋಡಲಿಲ್ಲ.

ಗಾಡಿ ಹೊರಟಿತು. ಅವನು ಹಿಮ್ಮುಖವಾಗಿ ಕೂತಿದ್ದ. ರಸ್ತೆ ಅವನ ಕಾಲ ಕೆಳಗಿನಿಂದ ಹೊರಬಂದು ದೂರ ಹೋಗುತ್ತಿತ್ತು. ಗ್ಯಾರೇಜಿನ ನೆಲದ ಮೇಲೆ ಅವನ ಬಲಗಾಲಿನ ಚಪ್ಪಲಿ ಉಳಿದದ್ದು ಕಂಡಿತು. ತಮ್ಮ ಅದನ್ನು ಎತ್ತಿಕೊಳ್ಳಲು ಬಗ್ಗಿದ್ದೂ ಕಂಡಿತು. ಅಡ್ಡೆಯ ಮುಂದೆ ಹಾದಾಗ ಬೆಂಚಿನ ಮೇಲಿದ್ದವರು ಹಾಸಿಗೆಯ ರಾಶಿಯ ಮೇಲೆ ಕೂತವನನ್ನು ನೋಡಿ ಎದ್ದು ನಿಂತರು. ಯಾರೋ ಕೈಮುಗಿದ, ಯಾರೋ ಶಿಳ್ಳೆ ಹಾಕಿದ. ಮನಸ್ಸಿನಲ್ಲಿ ಅವರೆಲ್ಲರ ವಂಶವನ್ನೂ ಬೈಯುತ್ತ ಅವನು ಹಗ್ಗವನ್ನು ಬಿಗಿಯಾಗಿ ಹಿಡಿದ. ಗುಡ್ಡದ ಬುಡ ಬಂತು. ಅವನು ಕಿವಿಗೊಟ್ಟ. ಗಾಡಿಯ ಒಂದೊಂದು ಸದ್ದೂ ಅವನಿಗೆ ಗೊತ್ತು. ಇಲ್ಲಿ, ಈ ತಿರುವಿನಲ್ಲಿ, ಎಂಜಿನ್ ಕುಗ್ಗಬೇಕು, ಎರಡನೆಯದಕ್ಕೆ ಇಳಿಸಬೇಕು, ಆ ಮೈಲಿಗಲ್ಲಿನ ಹತ್ತಿರ ಮೊದಲನೆಯದಕ್ಕೆ. ಕುಗ್ಗಲಿ ಎಂದು ಅವನು ಬಯಸಿದ. ಒಂದೇ ಒಂದು ಸಲ ಕುಗ್ಗಿಬಿಡಲಿ. ಗಾಡಿ ಒಮ್ಮೆ ಜಗ್ಗಿ ಮುಂದಕ್ಕೆ ಎಳೆಯಿತು. ಅವನು ಹಿಂದಿನ ಹಲಗೆಗೆ ಬಂದು ಅಪ್ಪಳಿಸಿದ. ಮೈಲಿಗಲ್ಲು ಹಾದುಹೋಯಿತು. ಗೇರು ಇಳಿಸಿದ ಸದ್ದು ಬರಲಿಲ್ಲ.

ಆಸ್ಪತ್ರೆಯ ಏರನ್ನು ಗಾಡಿ ಮೂರನೇ ಗೇರಿನಲ್ಲೇ ಹತ್ತಿತು.